ಕಾಯಿಲೆಯೊಂದಿಗೆ ಶಾಲೆಗೆ ಮರಳುವುದು: ತರಗತಿಯ ಗಾಳಿಯ ಲೆಕ್ಕ

ವೈದ್ಯಶಾಸ್ತ್ರವು ಹೆಚ್ಚು ಅಪಾಯದ ಆರೋಗ್ಯ ಸ್ಥಿತಿ ಎಂದು ಕರೆಯುವುದು ಯಾವುದೋ ಒಂದು ಕಾಯಿಲೆಯನ್ನಲ್ಲ. ಗಟ್ಟಿಮುಟ್ಟಾದವರಲ್ಲಿ ನಾಲ್ಕು ದಿನದ ಜ್ವರವಾಗಿ ಮುಗಿದುಹೋಗುವ ಸೋಂಕು ಯಾರ ಮೈಯಲ್ಲಿ ಆಸ್ಪತ್ರೆವಾಸಕ್ಕೋ ಸಾವಿಗೋ ಕಾರಣವಾಗುವ ಸಂಭವ ಹೆಚ್ಚಾಗಿರುತ್ತದೆಯೋ ಅಂಥವರ ದೇಹಸ್ಥಿತಿಯನ್ನು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಸೋತ ಮೂತ್ರಪಿಂಡ, ಹೃದಯದ ಕವಾಟದ ದೋಷ, ಕ್ಯಾನ್ಸರ್ ಚಿಕಿತ್ಸೆ, ಕಸಿ ಮಾಡಿದ ಅಂಗವನ್ನು ಉಳಿಸಿಕೊಳ್ಳಲು ದಿನವೂ ನುಂಗಬೇಕಾದ ಮಾತ್ರೆಗಳು ಇವೆಲ್ಲ ಈ ಪಟ್ಟಿಗೆ ಸೇರುತ್ತವೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲು ಮಾರ್ಗದಲ್ಲಿ ಕುಂದಗೋಳ, ಸಂಶಿ ದಾಟಿದ ಮೇಲೆ ಸಿಗುವ ಗುಡಗೇರಿಯಂಥ ಊರಿನ ಶಾಲೆಯಲ್ಲಿ ಇಂಥ ಸ್ಥಿತಿಯವರು ಊರವರು ಅಕ್ಕೋರು, ಮಾಸ್ತರು ಎಂದು ಕರೆಯುವ ಶಿಕ್ಷಕರಾಗಿರಬಹುದು, ಬಿಸಿಯೂಟ ಬೇಯಿಸುವ ತಾಯಂದಿರಾಗಿರಬಹುದು, ಮೂರನೆಯ ತರಗತಿಯ ಮಗುವೂ ಆಗಿರಬಹುದು. ಇವರು ಶಾಲೆಗೆ ಬರಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಅವರ ಧೈರ್ಯಕ್ಕೂ ಮನೆಯವರ ಆತಂಕಕ್ಕೂ ಬಿಟ್ಟುಬಿಡಲಾಗುತ್ತದೆ. ಆದರೆ ಅಪಾಯವನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಪಾಲು ಕಾಣುತ್ತದೆ: ಸೋಂಕು ತಗುಲಿದರೆ ಮೈ ಎಷ್ಟು ತಡೆದುಕೊಳ್ಳುತ್ತದೆ ಎಂಬುದು ಒಂದು, ಸೋಂಕು ಎಷ್ಟು ಪ್ರಮಾಣದಲ್ಲಿ ಮೈಯನ್ನು ಮುಟ್ಟುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ವೈದ್ಯರೂ ರೋಗಿಯೂ ನೋಡಿಕೊಳ್ಳಬೇಕು. ಎರಡನೆಯದು ಬಹುಮಟ್ಟಿಗೆ ಶಾಲೆಯ ಕೈಯಲ್ಲಿದೆ.

ಮೊದಲ ಪಾಲಿನ ಗಾತ್ರವನ್ನು ಅಂಕಿಗಳಲ್ಲಿ ತೋರಿಸಿದ ಅಧ್ಯಯನಗಳಲ್ಲಿ 2020ರ ಜುಲೈಯಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಓಪನ್‌ಸೇಫ್ಲಿ ಅಧ್ಯಯನ ಮುಖ್ಯವಾದದ್ದು. ಇಂಗ್ಲೆಂಡಿನ 1 ಕೋಟಿ 70 ಲಕ್ಷಕ್ಕೂ ಹೆಚ್ಚು ವಯಸ್ಕರ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿದ ಈ ಸಂಶೋಧಕರು, ವಯಸ್ಸು ಮತ್ತಿತರ ವ್ಯತ್ಯಾಸಗಳನ್ನು ಲೆಕ್ಕದಿಂದ ಸರಿದೂಗಿಸಿದ ಮೇಲೂ, ಅಂಗ ಕಸಿ ಮಾಡಿಸಿಕೊಂಡವರಲ್ಲಿ ಕೋವಿಡ್‌ನಿಂದ ಸಾಯುವ ಅಪಾಯ ಇತರರಿಗಿಂತ ಸುಮಾರು ಮೂರೂವರೆ ಪಟ್ಟು, ಮೂತ್ರಪಿಂಡ ತೀವ್ರವಾಗಿ ಸೋತವರಲ್ಲಿ ಸುಮಾರು ಎರಡೂವರೆ ಪಟ್ಟು ಇರುವುದನ್ನು ಕಂಡರು. ಶಾಲೆಗೆ ಹೆಚ್ಚು ಸಂಬಂಧಿಸಿದ ಅಂಕಿ ಸಕ್ಕರೆ ಕಾಯಿಲೆಯದು. ಸಕ್ಕರೆ ಹತೋಟಿಯಲ್ಲಿ ಇಲ್ಲದವರ ಅಪಾಯ 1.95 ಪಟ್ಟು ಆಗಿದ್ದರೆ, ಅದೇ ಕಾಯಿಲೆಯಿದ್ದೂ ಹತೋಟಿಯಲ್ಲಿಟ್ಟುಕೊಂಡವರ ಅಪಾಯ 1.31 ಪಟ್ಟು ಮಾತ್ರ ಇತ್ತು. ಕಾಯಿಲೆಯ ಹೆಸರು ಒಂದೇ ಆದರೂ ಅಪಾಯ ಒಂದೇ ಅಲ್ಲ ಎಂಬುದನ್ನು, ಶುಗರ್ ಇದೆ ಎಂದೊಡನೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಅಧಿಕಾರಿಗಳೂ, ಶುಗರ್ ಇದ್ದರೇನಾಯಿತು ಎಂದು ಪರೀಕ್ಷೆಯನ್ನೇ ಮಾಡಿಸಿಕೊಳ್ಳದ ಶಿಕ್ಷಕರೂ ಸಮಾನವಾಗಿ ಗಮನಿಸಬೇಕು.

ಈ ಹತೋಟಿಯನ್ನು ಅಳೆಯುವ ಪರೀಕ್ಷೆಗೆ ಎಚ್‌ಬಿಎ1ಸಿ ಎಂದು ಹೆಸರು. ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿಕೊಳ್ಳುತ್ತದೆ. ಆ ಕಣಗಳ ಆಯುಸ್ಸು ಸುಮಾರು 120 ದಿನಗಳಾದ್ದರಿಂದ, ಎಷ್ಟು ಶೇಕಡಾ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿದೆ ಎಂದು ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ, ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡಿ ಈ ಅಂಕಿಯನ್ನು ಇಳಿಸಲಾಗುವುದಿಲ್ಲ. ಓಪನ್‌ಸೇಫ್ಲಿ ಅಧ್ಯಯನ ಹತೋಟಿಯ ಗಡಿಯಾಗಿ ಬಳಸಿದ್ದು ಶೇಕಡಾ 7.5ನ್ನು. ಸಕ್ಕರೆ ಏರಿದ ರಕ್ತದಲ್ಲಿ ರೋಗಾಣುಗಳನ್ನು ನುಂಗಬೇಕಾದ ಬಿಳಿ ಕಣಗಳು ಮಂದವಾಗುತ್ತವೆ, ರಕ್ತನಾಳಗಳ ಒಳಪದರ ಹಾನಿಗೊಂಡು ಹೆಪ್ಪುಗಟ್ಟುವಿಕೆ ಹೆಚ್ಚುತ್ತದೆ, ಸೋಂಕಿನ ಚಿಕಿತ್ಸೆಗೆ ಕೊಡುವ ಸ್ಟೀರಾಯ್ಡ್ ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ. 2021ರ ಬೇಸಿಗೆಯಲ್ಲಿ ಕಪ್ಪು ಶಿಲೀಂಧ್ರ ಎಂಬ ಹೆಸರಿನಿಂದ ಕರ್ನಾಟಕವನ್ನು ನಡುಗಿಸಿದ ಮ್ಯೂಕರ್‌ಮೈಕೋಸಿಸ್ ಸೋಂಕು ಮುಖ್ಯವಾಗಿ ಸಕ್ಕರೆ ಕಾಯಿಲೆಯವರನ್ನೇ ಹಿಡಿದದ್ದರ ಹಿಂದೆ ಇದೇ ಸರಪಳಿಯಿತ್ತು. ಆದ್ದರಿಂದ ದೀರ್ಘ ರಜೆಯ ನಂತರ ಕೆಲಸಕ್ಕೆ ಮರಳುವ ಶಿಕ್ಷಕರ ಮೊದಲ ಸಿದ್ಧತೆ ಮಾಸ್ಕ್ ಕೊಳ್ಳುವುದಲ್ಲ, ಎಚ್‌ಬಿಎ1ಸಿ, ರಕ್ತದೊತ್ತಡ ಮತ್ತು ಮೂತ್ರಪಿಂಡದ ಪರೀಕ್ಷೆಗಳನ್ನು ಮಾಡಿಸಿ, ಆ ಅಂಕಿಗಳನ್ನು ಹಿಡಿದು ವೈದ್ಯರ ಬಳಿ ಕುಳಿತು ಮಾತನಾಡುವುದು.

ಕೋವಿಡ್ ಕಾಲದಲ್ಲಿ ಸರ್ಕಾರದ ನಿಯಮಗಳು ಈ ವಿಚಾರವನ್ನು ಒಪ್ಪಿಕೊಂಡಿದ್ದವು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳನ್ನು ಭಾಗಶಃ ತೆರೆಯುವ ಕುರಿತು ಕೇಂದ್ರ ಆರೋಗ್ಯ ಸಚಿವಾಲಯ ಅದೇ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಕಾರ್ಯವಿಧಾನವು, ವಯಸ್ಸಾದವರು, ಗರ್ಭಿಣಿಯರು ಮತ್ತು ಮೊದಲೇ ಕಾಯಿಲೆಯಿರುವ ಸಿಬ್ಬಂದಿಯನ್ನು ವಿದ್ಯಾರ್ಥಿಗಳ ನೇರ ಸಂಪರ್ಕ ಬೇಡುವ ಕೆಲಸಗಳಿಂದ ಆದಷ್ಟು ದೂರ ಇಡಬೇಕೆಂದು ಹೇಳಿತ್ತು. ಕರ್ನಾಟಕದಲ್ಲಿ 2021ರ ಜನವರಿ 1ರಂದು ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿ ಆರಂಭವಾಗಿ, ಎರಡನೆಯ ಅಲೆಯಿಂದ ಮತ್ತೆ ಮುಚ್ಚಿ, ಆಗಸ್ಟ್ 23ರಿಂದ ಒಂಬತ್ತನೆಯ ಮತ್ತು ಅದಕ್ಕಿಂತ ಮೇಲಿನ ತರಗತಿಗಳು, ಸೆಪ್ಟೆಂಬರ್ 6ರಿಂದ ಆರರಿಂದ ಎಂಟು, ಅಕ್ಟೋಬರ್ 25ರಿಂದ ಒಂದರಿಂದ ಐದನೆಯ ತರಗತಿಗಳು ತೆರೆದವು. ನೇರ ಸಂಪರ್ಕವಿಲ್ಲದ ಶಿಕ್ಷಕ ಕೆಲಸ ಎಂಬುದು ದೊಡ್ಡ ನಗರದ ಶಾಲೆಯಲ್ಲಿ ಸಿಗಬಹುದು. ನಾಲ್ಕೈದು ಶಿಕ್ಷಕರೇ ಏಳು ತರಗತಿಗಳನ್ನು ಹಂಚಿಕೊಳ್ಳುವ ಹಳ್ಳಿಯ ಶಾಲೆಯಲ್ಲಿ ಒಬ್ಬರನ್ನು ಕಚೇರಿಗೆ ಕೂರಿಸಿದರೆ ಒಂದು ತರಗತಿಗೆ ಶಿಕ್ಷಕರೇ ಇಲ್ಲದಂತಾಗುತ್ತದೆ. ನಿಯಮ ಸರಿಯಾಗಿಯೇ ಇತ್ತು. ಅದನ್ನು ಪಾಲಿಸಲು ಬೇಕಾದ ಹೆಚ್ಚುವರಿ ಕೈ ಹಳ್ಳಿಯಲ್ಲಿ ಇರಲಿಲ್ಲ. ಇಂಥ ಕಡೆ ಉಳಿಯುವ ದಾರಿ ಅಪಾಯದ ಎರಡನೆಯ ಪಾಲನ್ನು, ಅಂದರೆ ಮೈಯನ್ನು ಮುಟ್ಟುವ ಸೋಂಕಿನ ಪ್ರಮಾಣವನ್ನು, ತರಗತಿಯ ಒಳಗೇ ತಗ್ಗಿಸುವುದು.

ಅದಕ್ಕೆ ಸೋಂಕು ಹೇಗೆ ದಾಟುತ್ತದೆ ಎಂಬುದು ತಿಳಿದಿರಬೇಕು. ಉಸಿರಾಡುವಾಗ, ಅದಕ್ಕಿಂತ ಹೆಚ್ಚಾಗಿ ಮಾತನಾಡುವಾಗ, ಇನ್ನೂ ಹೆಚ್ಚಾಗಿ ದನಿ ಏರಿಸಿದಾಗ ಬಾಯಿಯಿಂದ ದ್ರವದ ಕಣಗಳು ಹೊರಬೀಳುತ್ತವೆ. ದೊಡ್ಡವು ಬೇಗ ನೆಲಕ್ಕೆ ಬೀಳುತ್ತವೆ. ಸೂಕ್ಷ್ಮವಾದವು ಊದಿನಕಡ್ಡಿಯ ಹೊಗೆಯ ಹಾಗೆ ಗಾಳಿಯಲ್ಲಿ ತೇಲಿ, ಕೋಣೆಯನ್ನು ತುಂಬುತ್ತವೆ. ಈ ತೇಲುವ ಕಣಗಳಿಗೆ ಏರೋಸಾಲ್ ಎಂದು ಹೆಸರು. ಶಾಲೆಯ ಗಾಳಿಯೇ ರೋಗದ ವಾಹಕ ಎಂಬ ವಿಚಾರ ಕೋವಿಡ್‌ನೊಂದಿಗೆ ಹುಟ್ಟಿದ್ದಲ್ಲ. ಅಮೆರಿಕದ ವಿಲಿಯಂ ವೆಲ್ಸ್ 1930ರ ದಶಕದಲ್ಲಿಯೇ ಇದನ್ನು ಪ್ರತಿಪಾದಿಸಿ, ಫಿಲಡೆಲ್ಫಿಯಾದ ಶಾಲೆಯೊಂದರ ಕೊಠಡಿಗಳಲ್ಲಿ ಅತಿನೇರಳೆ ದೀಪಗಳನ್ನು ಅಳವಡಿಸಿ ದಡಾರ ಹರಡುವುದು ಕಡಿಮೆಯಾಗುತ್ತದೆಯೇ ಎಂದು ಪರೀಕ್ಷಿಸಿದ್ದರು. 1974ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಬಳಿಯ ಶಾಲೆಯೊಂದರಲ್ಲಿ ಒಂದು ಮಗುವಿನಿಂದ 28 ಮಕ್ಕಳಿಗೆ ದಡಾರ ಹರಡಿದಾಗ, ಆ ಮಗುವಿನ ಜೊತೆ ಒಂದೇ ಕೊಠಡಿಯಲ್ಲಿ ಎಂದೂ ಕುಳಿತಿರದವರೂ ಅವರಲ್ಲಿ ಇದ್ದರು. ವೆಲ್ಸ್‌ರ ಶಿಷ್ಯ ರಿಚರ್ಡ್ ರೈಲಿ ಮತ್ತು ಸಂಗಡಿಗರು 1978ರಲ್ಲಿ ಇದನ್ನು ವಿಶ್ಲೇಷಿಸಿ, ಕಟ್ಟಡದ ಗಾಳಿ ಕೊಳವೆಗಳ ಮೂಲಕ ಒಂದೇ ಗಾಳಿ ಎಲ್ಲ ಕೊಠಡಿಗಳಿಗೂ ತಿರುಗುತ್ತಿದ್ದುದನ್ನು ತೋರಿಸಿದರು.

ಇನ್ನೂ ಹತ್ತಿರದಿಂದ ನೋಡಬಹುದಾದ ಪ್ರಕರಣ 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಪ್ರಾಥಮಿಕ ಶಾಲೆಯೊಂದರದು. ಲಸಿಕೆ ಪಡೆಯದ ಶಿಕ್ಷಕರೊಬ್ಬರು ಮೂಗು ಕಟ್ಟಿದ್ದನ್ನು ಅಲರ್ಜಿಯೆಂದು ತಿಳಿದು ಎರಡು ದಿನ ಪಾಠ ಮಾಡಿದರು, ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವಾಗ ಮಾಸ್ಕ್ ತೆಗೆದರು. ಮೇಜುಗಳ ನಡುವೆ ಆರು ಅಡಿ ಅಂತರವಿತ್ತು, ಬಾಗಿಲು ಕಿಟಕಿ ತೆರೆದಿದ್ದವು, ಗಾಳಿ ಸೋಸುವ ಯಂತ್ರವೂ ಇತ್ತು. ಆದರೂ ಮುಂದಿನ ಎರಡು ಸಾಲುಗಳ 10 ಮಕ್ಕಳಲ್ಲಿ 8 ಮಂದಿಗೆ, ಹಿಂದಿನ ಮೂರು ಸಾಲುಗಳ 14 ಮಕ್ಕಳಲ್ಲಿ 4 ಮಂದಿಗೆ ಸೋಂಕು ತಗುಲಿತು. ಈ ಪ್ರಕರಣ ಎರಡು ಮಾತು ಹೇಳುತ್ತದೆ. ಮಾತನಾಡುವ ಬಾಯಿಯ ಎದುರಿಗೇ ಕುಳಿತವರನ್ನು ಕಿಟಕಿಯೊಂದೇ ಕಾಪಾಡಲಾರದು. ಮತ್ತು ಅಲ್ಪ ಲಕ್ಷಣಗಳಿರುವವರು ಮನೆಯಲ್ಲಿ ಉಳಿಯುವುದು ಉಳಿದೆಲ್ಲ ಏರ್ಪಾಡುಗಳಿಗಿಂತ ಮುಖ್ಯ. ನೆಗಡಿ ಬಂದ ಮಗುವನ್ನು ಹಾಜರಾತಿಯ ಸಲುವಾಗಿ ಶಾಲೆಗೆ ಕಳಿಸುವ ರೂಢಿ ಎಷ್ಟು ಒಳ್ಳೆಯ ಮನಸ್ಸಿನದೇ ಆಗಿರಲಿ, ಅದೇ ತರಗತಿಯಲ್ಲಿ ಕಸಿ ಮಾಡಿಸಿಕೊಂಡ ಶಿಕ್ಷಕರೋ ಸ್ಟೀರಾಯ್ಡ್ ನುಂಗುವ ಮಗುವೋ ಇದ್ದರೆ ಅದು ಅವರ ಜೀವಕ್ಕೆ ಕುತ್ತು ತರಬಹುದು.

ಇನ್ನು ಕೋಣೆಯ ಲೆಕ್ಕ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕೊಠಡಿಯಲ್ಲಿ ಸುಮಾರು 1,13,000 ಲೀಟರ್ ಗಾಳಿ ಇರುತ್ತದೆ. ಕುಳಿತ ಮಗುವೊಂದು ಗಂಟೆಗೆ ಸುಮಾರು 14 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ ಎಂದಿಟ್ಟುಕೊಂಡರೆ, 40 ಮಕ್ಕಳು ಮತ್ತು ಒಬ್ಬ ಶಿಕ್ಷಕರು ಸೇರಿ ಗಂಟೆಗೆ ಸುಮಾರು 580 ಲೀಟರ್ ಆಗುತ್ತದೆ. ಬಾಗಿಲು ಕಿಟಕಿಗಳನ್ನು ಪೂರ್ತಿ ಮುಚ್ಚಿ, ಸಂದಿಗಳಿಂದಲೂ ಗಾಳಿ ಆಡದಂತಿದ್ದರೆ, ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷ ಪಾಲಿಗೆ ಸುಮಾರು 420 ಪಾಲಿರುವ ಈ ಅನಿಲ ಒಂದೇ ಗಂಟೆಯಲ್ಲಿ 5,500ನ್ನು ಮುಟ್ಟುತ್ತದೆ. ನಿಜವಾದ ಕೊಠಡಿಯಲ್ಲಿ ಸಂದಿಗಳಿರುವುದರಿಂದ ಅಂಕಿ ಇದಕ್ಕಿಂತ ಕಡಿಮೆ ಇರುತ್ತದೆ. ಈ ಅನಿಲ ಇಲ್ಲಿ ವಿಷವಾಗಿ ಮುಖ್ಯವಲ್ಲ, ಗುರುತಾಗಿ ಮುಖ್ಯ. ಮನುಷ್ಯರು ಬಿಡುವ ಉಸಿರಿನಲ್ಲಿ ಇದು ಸುಮಾರು ಶೇಕಡಾ 4, ಅಂದರೆ ಹತ್ತು ಲಕ್ಷಕ್ಕೆ 40,000 ಪಾಲು ಇರುವುದರಿಂದ, ಕೋಣೆಯ ಅಂಕಿ 2,420 ಆಗಿದ್ದರೆ ಹೊರಗಿನದಕ್ಕಿಂತ ಹೆಚ್ಚಾದ 2,000ವನ್ನು 40,000ದಿಂದ ಭಾಗಿಸಬಹುದು. ಆಗ ಸಿಗುವ ಉತ್ತರ ಇಪ್ಪತ್ತರಲ್ಲಿ ಒಂದು: ಪ್ರತಿ ಉಸಿರಿನ ಇಪ್ಪತ್ತನೆಯ ಒಂದು ಪಾಲು ಈಗಾಗಲೇ ಇನ್ನೊಬ್ಬರ ಶ್ವಾಸಕೋಶದಿಂದ ಬಂದದ್ದು. ಮರು ಉಸಿರಾಟದ ಈ ಪಾಲನ್ನು ಸೋಂಕಿನ ಲೆಕ್ಕಕ್ಕೆ ಬಳಸುವ ವಿಧಾನವನ್ನು ರಡ್ನಿಕ್ ಮತ್ತು ಮಿಲ್ಟನ್ 2003ರಲ್ಲಿ ರೂಪಿಸಿದರು. ನಿಂತು ಪಾಠ ಹೇಳುವ ಶಿಕ್ಷಕರು ನಿಮಿಷಕ್ಕೆ 10 ಲೀಟರ್‌ನಂತೆ ಐದು ಗಂಟೆಯಲ್ಲಿ 3,000 ಲೀಟರ್ ಗಾಳಿ ಎಳೆದುಕೊಂಡರೆ ಅದರಲ್ಲಿ 150 ಲೀಟರ್ ಮಕ್ಕಳು ಬಿಟ್ಟ ಉಸಿರು. ಅದೇ ಕೋಣೆಯ ಅಂಕಿಯನ್ನು 800ಕ್ಕೆ ಇಳಿಸಿದರೆ ಆ 150 ಲೀಟರ್ 30ರ ಆಸುಪಾಸಿಗೆ ಬರುತ್ತದೆ. ಶಿಕ್ಷಕರು ಒಂದೂ ಮಾತ್ರೆಯನ್ನು ಹೆಚ್ಚು ನುಂಗದೆ ಆದ ಇಳಿಕೆ ಇದು.

ಮ್ಯೂನಿಕ್‌ನ ಮ್ಯಾಕ್ಸ್ ಪೆಟೆನ್‌ಕೋಫರ್ 1858ರಲ್ಲಿಯೇ ಕೊಠಡಿಯ ಗಾಳಿಯಲ್ಲಿ ಈ ಅನಿಲ 1,000 ಪಾಲನ್ನು ಮೀರಬಾರದೆಂದಿದ್ದರು; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರತಿ ವ್ಯಕ್ತಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಬೇಕೆಂದು ಸೂಚಿಸಿತು. ಮೇಲಿನ ಕೊಠಡಿಗೆ ಈ ಸೂಚನೆಯನ್ನು ಅನ್ವಯಿಸಿದರೆ ಗಂಟೆಗೆ ಸುಮಾರು 13 ಸಲ ಇಡೀ ಕೋಣೆಯ ಗಾಳಿ ಬದಲಾಗಬೇಕು. ಯಂತ್ರಗಳಿಂದ ಇದನ್ನು ಸಾಧಿಸಲು ದುಡ್ಡು ಬೇಕು. ಎದುರು ಬದುರು ಕಿಟಕಿಗಳಿರುವ ಕೋಣೆ ಬೀಸುವ ಗಾಳಿಯಲ್ಲಿ ಪುಕ್ಕಟೆಯಾಗಿ ಸಾಧಿಸಬಲ್ಲದು. ಕುಂದಗೋಳ ತಾಲ್ಲೂಕಿನ ಬಯಲು ಎರೆಭೂಮಿಯಲ್ಲಿ ಗಾಳಿಗೆ ಬರವಿಲ್ಲ. ತೊಡಕು ಬರುವುದು ಮುಂಗಾರಿನಲ್ಲಿ: ಪಶ್ಚಿಮ ಮತ್ತು ನೈಋತ್ಯದಿಂದ ಇರಚಲು ಹೊಡೆಯುವಾಗ ಎಲ್ಲ ಕಿಟಕಿಗಳನ್ನೂ ಮುಚ್ಚಿಬಿಡುವುದು ರೂಢಿ. ಆದರೆ ಇರಚಲು ಬರುವುದು ಒಂದು ದಿಕ್ಕಿನಿಂದ ಮಾತ್ರ. ಪೂರ್ವದ ಕಿಟಕಿಗಳನ್ನೂ ಬಾಗಿಲನ್ನೂ ತೆರೆದಿಟ್ಟು, ಪಶ್ಚಿಮದ ಗೋಡೆಯಲ್ಲಿ ಸೂರಿನ ಕೆಳಗಿನ ಕಿಂಡಿಗಳನ್ನು ಮುಚ್ಚದೆ ಬಿಟ್ಟರೆ ಗಾಳಿ ಹಾಯುತ್ತದೆ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯಿಂದ ಬೆಳಕು ಬರುತ್ತಿದ್ದಂತೆಯೇ ಬಿಸಿಯಾದ ಗಾಳಿ ಹೊರಗೂ ಹೋಗುತ್ತಿತ್ತು. ಹೊಸ ಆರ್‌ಸಿಸಿ ಕೊಠಡಿಗಳಲ್ಲಿ ಆ ಅನುಕೂಲವಿಲ್ಲದಿರುವುದು ನಿಜಕ್ಕೂ ಒಂದು ನಷ್ಟ. ಛತ್ತಿನ ಫ್ಯಾನು ಒಳಗಿನ ಗಾಳಿಯನ್ನು ಕಲಕುತ್ತದೆಯೇ ಹೊರತು ಬದಲಿಸುವುದಿಲ್ಲ. ಕಿಟಕಿಗೆ ಹೊರಮುಖವಾಗಿ ಕೂರಿಸಿದ ಎಕ್ಸಾಸ್ಟ್ ಫ್ಯಾನು ಬದಲಿಸುತ್ತದೆ. ಗಾಳಿ ಹಾಯುತ್ತಿದೆಯೇ ಎಂದು ನೋಡಲು ಖಾಲಿ ಕೊಠಡಿಯಲ್ಲಿ ಒಂದು ಊದಿನಕಡ್ಡಿ ಹಚ್ಚಿಟ್ಟರೆ ಸಾಕು: ಹೊಗೆ ಕಿಟಕಿಯತ್ತ ಎಳೆದುಕೊಂಡು ಹೋದರೆ ಸರಿ, ಮೂಲೆಯಲ್ಲಿ ನಿಂತು ಸುತ್ತುತ್ತಿದ್ದರೆ ಆ ಮೂಲೆಯಲ್ಲಿ ಶಿಕ್ಷಕರ ಕುರ್ಚಿ ಇರಬಾರದು.

ಬಾಯಿಯಿಂದ ಹೊರಡುವ ಕಣಗಳನ್ನು ಕಡಿಮೆ ಮಾಡುವುದೂ ಅಷ್ಟೇ ಫಲಕಾರಿ. ನಲವತ್ತು ಮಕ್ಕಳು ಒಕ್ಕೊರಲಿನಿಂದ ಮಗ್ಗಿ ಹೇಳುವ, ಪದ್ಯ ಹಾಡುವ ಹೊತ್ತು ಕಲಿಕೆಯ ದೃಷ್ಟಿಯಿಂದ ಎಷ್ಟು ಒಳ್ಳೆಯದೋ ಏರೋಸಾಲ್‌ನ ದೃಷ್ಟಿಯಿಂದ ಅಷ್ಟೇ ಭಾರವಾದದ್ದು. ಅದನ್ನು ನಿಲ್ಲಿಸಬೇಕಾಗಿಲ್ಲ; ಅಂಗಳದ ಬೇವಿನ ಮರದ ಕೆಳಗೆ ಹೇಳಿಸಿ, ಬರವಣಿಗೆಯನ್ನು ಒಳಗೆ ಇಟ್ಟುಕೊಂಡರೆ ಆಯಿತು. 2020ರ ಆಗಸ್ಟ್‌ನಲ್ಲಿ ಕರ್ನಾಟಕ ಆರಂಭಿಸಿದ ವಿದ್ಯಾಗಮ ಕಾರ್ಯಕ್ರಮ ಮರದ ಕೆಳಗೆ, ಗುಡಿಯ ಆವರಣದಲ್ಲಿ, ಜಗಲಿಗಳಲ್ಲಿ ಪಾಠ ನಡೆಸಿತ್ತು, ಶಿಕ್ಷಕರಲ್ಲಿಯೂ ಮಕ್ಕಳಲ್ಲಿಯೂ ಸೋಂಕು ಕಂಡಾಗ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಗುಡಿಯ ಪೌಳಿ, ಮೂರು ಕಡೆ ಗೋಡೆಯಿರುವ ಜಗಲಿ ಇವು ಬಯಲಲ್ಲ. ಒತ್ತಾಗಿ ಕುಳಿತರೆ ಬಯಲಿನ ಲಾಭವೂ ಕೈತಪ್ಪುತ್ತದೆ. ಶಿಕ್ಷಕರು ದನಿ ಏರಿಸುವ ಬದಲು ಸೊಂಟಕ್ಕೆ ಕಟ್ಟಿಕೊಳ್ಳುವ ಚಿಕ್ಕ ಮೈಕ್ ಬಳಸಿದರೆ ಅವರ ಉಸಿರಾಟವೂ ಹಗುರವಾಗುತ್ತದೆ, ಅವರು ತೊಟ್ಟ ಮಾಸ್ಕ್‌ನೊಳಗಿಂದಲೂ ಮಾತು ಕೇಳುತ್ತದೆ. ಮಾಸ್ಕ್ ಎಂದರೆ ಇಲ್ಲಿ ಬಟ್ಟೆಯದಲ್ಲ, ಎನ್95: ಅತ್ಯಂತ ಕಷ್ಟದಿಂದ ಸೋಸಬೇಕಾದ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿಯೂ ಶೇಕಡಾ 95ನ್ನು ತಡೆಯುವಂಥದ್ದು, ಆದರೆ ಕೆನ್ನೆಗೂ ಮೂಗಿಗೂ ಅಂಟಿ ಕುಳಿತರೆ ಮಾತ್ರ. ಸುತ್ತಲಿನವರು ಯಾರೂ ತೊಡದಿದ್ದರೂ ತೊಟ್ಟವರನ್ನು ಇದು ಕಾಯುತ್ತದೆ. ಊರಲ್ಲಿ ಜ್ವರ ಹರಡಿರುವ ವಾರಗಳಲ್ಲಿ, ಕಿಕ್ಕಿರಿದ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಬಂದು ಹೋಗುವಾಗ, ಇದನ್ನು ತೊಡಲು ಸಂಕೋಚಪಡಬೇಕಾದ ಕಾರಣವಿಲ್ಲ.

ಮಕ್ಕಳ ಸಂಖ್ಯೆಯನ್ನು ತೆಳುವಾಗಿಸುವುದು ಇನ್ನೊಂದು ದಾರಿ. 2021ರ ಜುಲೈ 19 ಮತ್ತು 22ರಂದು ನಡೆದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಕೊಠಡಿಗೆ 12 ವಿದ್ಯಾರ್ಥಿಗಳಂತೆ ಕೂರಿಸಲಾಗಿತ್ತು. ಎರಡು ದಿನಕ್ಕೆ ಸಾಧ್ಯವಾದದ್ದು ಇಡೀ ವರ್ಷಕ್ಕೆ ಸಾಧ್ಯವಾಗದು.

ಲಸಿಕೆಯ ಬಗ್ಗೆ ಧಾರವಾಡ ಜಿಲ್ಲೆಯೇ ಒಂದು ಪಾಠ ಕಂಡಿದೆ. 2021ರ ನವೆಂಬರ್ ಕೊನೆಯ ವಾರ ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಮೊದಲು 66 ವಿದ್ಯಾರ್ಥಿಗಳಲ್ಲಿ ಕಂಡ ಸೋಂಕು ಕೆಲವೇ ದಿನಗಳಲ್ಲಿ 280ನ್ನು ದಾಟಿತು. ಬಹುತೇಕರು ಎರಡೂ ಡೋಸ್ ಪಡೆದಿದ್ದರು, ಬಹುತೇಕರಿಗೆ ಲಕ್ಷಣಗಳೇ ಇರಲಿಲ್ಲ ಅಥವಾ ಅಲ್ಪವಾಗಿದ್ದವು. ಲಸಿಕೆ ಸೋಂಕನ್ನು ಪೂರ್ತಿ ತಡೆಯದಿದ್ದರೂ ಅದರ ತೀವ್ರತೆಯನ್ನು ಮುರಿಯುತ್ತದೆ ಎಂಬುದು ಇದರ ಅರ್ಥ. ಹೆಚ್ಚು ಅಪಾಯದವರಿಗೆ ಬೇಕಾದದ್ದು ಮುಖ್ಯವಾಗಿ ಅದೇ. ಆದರೆ ಅಂಗ ಕಸಿಯವರು ನುಂಗುವ, ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸುವ ಮಾತ್ರೆಗಳು ಲಸಿಕೆಯ ಫಲವನ್ನೂ ತಗ್ಗಿಸುತ್ತವೆ, ಹೀಗಾಗಿ ಅವರ ಸುತ್ತಲಿನವರು ಲಸಿಕೆ ಪಡೆಯುವುದು ಅವರಿಗೆ ಎರಡನೆಯ ಗೋಡೆಯಾಗುತ್ತದೆ. ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ತೊಂದರೆಯಿರುವ ಶಿಕ್ಷಕರು ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ, ವೈದ್ಯರು ಹೇಳಿದಂತೆ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯನ್ನೂ ಪಡೆಯುವುದು ಕೋವಿಡ್ ಇರಲಿ ಇಲ್ಲದಿರಲಿ ಅಗತ್ಯ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ಕಾಯಿಲೆಯೊಂದಿಗೆ ಶಾಲೆಗೆ ಬರುವ ಮಗುವಿನ ಪಾಲಿಗೆ ಆ ದಿನ ಹೆಚ್ಚೇನೂ ಬದಲಾಗಲಿಲ್ಲ. ಮೂತ್ರದಲ್ಲಿ ಪ್ರೋಟೀನ್ ಸೋರಿ ಮುಖ ಕಾಲು ಬಾತುಕೊಳ್ಳುವ ನೆಫ್ರೋಟಿಕ್ ಸಿಂಡ್ರೋಮ್ ಇರುವ ಮಗು ತಿಂಗಳುಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಳ್ಳುತ್ತದೆ. ಅಂಥ ಮಗುವಿಗೆ ಸೀತಾಳೆ ಸಿಡುಬು ತಗುಲಿದರೆ ಅದು ಶ್ವಾಸಕೋಶಕ್ಕೂ ಮಿದುಳಿಗೂ ಇಳಿಯಬಹುದು. ಸೀತಾಳೆ ಸಿಡುಬು ಗುಳ್ಳೆ ಏಳುವ ಒಂದೆರಡು ದಿನ ಮುಂಚೆಯೇ ಹರಡಲು ತೊಡಗಿ, ಎಲ್ಲ ಗುಳ್ಳೆಗಳೂ ಹಕ್ಕಳೆಗಟ್ಟುವವರೆಗೆ ಹರಡುತ್ತದೆ. ಅಮ್ಮ ಬಂದಿದ್ದಾಳೆ ಎಂದು ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವ ಊರಿನ ಪದ್ಧತಿ ಇಲ್ಲಿ ವೈದ್ಯಶಾಸ್ತ್ರಕ್ಕೆ ಒಪ್ಪುವಂಥದ್ದೇ. ಆದರೆ ಆ ಸುದ್ದಿ ಅದೇ ದಿನ ಶಾಲೆಗೆ ಮುಟ್ಟಬೇಕು, ಏಕೆಂದರೆ ಜೊತೆಗೆ ಕುಳಿತಿದ್ದ ಸ್ಟೀರಾಯ್ಡ್ ಮಗುವಿಗೆ ಕೊಡಬಹುದಾದ ರಕ್ಷಣಾ ಚುಚ್ಚುಮದ್ದು ಅಥವಾ ಔಷಧಿ ಕೆಲವೇ ದಿನಗಳೊಳಗೆ ಕೊಟ್ಟರೆ ಮಾತ್ರ ಫಲಿಸುತ್ತದೆ. ಗಂಟಲು ಸೋಂಕಿನಿಂದ ಹೃದಯದ ಕವಾಟ ಕೆಟ್ಟ ರುಮ್ಯಾಟಿಕ್ ಹೃದ್ರೋಗದ ಮಗು ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಪಡೆಯಬೇಕು, ಅದಕ್ಕಾಗಿ ತೆಗೆದುಕೊಳ್ಳುವ ರಜೆಯನ್ನು ಗೈರುಹಾಜರಿ ಎಂದು ಗದರಿಸಬಾರದು. ಆಸ್ತಮಾ ಇರುವ ಮಗುವಿಗೆ ಈ ತಾಲ್ಲೂಕಿನಲ್ಲಿ ಸೋಂಕಿನಷ್ಟೇ ಕಾಡುವುದು ಚಳಿಗಾಲದ ಕೊನೆಯಲ್ಲಿ ಕಣಗಳಲ್ಲಿ ಒಣಗುವ ಮೆಣಸಿನಕಾಯಿಯ ಘಾಟು. ಕಾರದಲ್ಲಿರುವ ಕ್ಯಾಪ್ಸೈಸಿನ್ ಶ್ವಾಸನಾಳದ ನರಗಳನ್ನು ಕೆರಳಿಸುತ್ತದೆ, ಆದ್ದರಿಂದ ಆ ವಾರಗಳಲ್ಲಿ ಕಣದ ಕಡೆಯ ಕಿಟಕಿಯನ್ನು ಮುಚ್ಚಿ ಇನ್ನೊಂದು ಕಡೆಯದನ್ನು ತೆರೆಯಬೇಕು, ಇನ್‌ಹೇಲರ್ ಮಗುವಿನ ಚೀಲದಲ್ಲಿಯೇ ಇರಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವ ಟೈಪ್ 1 ಸಕ್ಕರೆ ಕಾಯಿಲೆಯ ಮಗುವಿಗೆ ಬಿಸಿಯೂಟ ಅರ್ಧ ಗಂಟೆ ತಡವಾದರೂ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಮಂಪರು ಬರಬಹುದು. ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕೆಂದು ಪ್ರತಿಯೊಬ್ಬ ಶಿಕ್ಷಕರಿಗೂ ತಿಳಿದಿರಬೇಕು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ಇಂಥ ಮಕ್ಕಳಿಗೆ ತರಗತಿಯಲ್ಲಿ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿನ್ನಲು ಅವಕಾಶ ಕೊಡುವಂತೆ ರಾಜ್ಯಗಳಿಗೆ ಬರೆದಿತ್ತು.

ಕಾನೂನಿನ ಆಸರೆ ಅರೆಬರೆಯಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕೆಲಸದ ಜಾಗದಲ್ಲಿ ಸಮಂಜಸ ಹೊಂದಾಣಿಕೆ ಮಾಡಿಕೊಡಬೇಕೆನ್ನುತ್ತದೆ, ಅದರ 21 ಬಗೆಗಳಲ್ಲಿ ಕುಡಗೋಲು ಕಣ ರೋಗ, ಥಲಸ್ಸೀಮಿಯಾ, ಹಿಮೋಫಿಲಿಯಾಗಳೂ ಇವೆ. ಸಕ್ಕರೆ ಕಾಯಿಲೆ, ಮೂತ್ರಪಿಂಡ ಕಾಯಿಲೆ, ಅಂಗ ಕಸಿ ಇಲ್ಲ. ಹೆಚ್ಚು ಅಪಾಯದ ಬಹುಪಾಲು ಶಿಕ್ಷಕರು ಹೀಗೆ ಕಾಯ್ದೆಯ ಹೊರಗೆ ಉಳಿದು, ಮುಖ್ಯಶಿಕ್ಷಕರ ಸದ್ಭಾವವನ್ನು ನಂಬಿಕೊಂಡಿರಬೇಕಾಗಿದೆ, ಇದು ಸರಿಯಾದ ಏರ್ಪಾಡಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 2013ರಿಂದ ವೈದ್ಯರ ತಂಡಗಳು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಶಿಕ್ಷಕರಿಗೂ ಅಡುಗೆಯವರಿಗೂ ಅಂಥ ತಪಾಸಣೆ ಅದೇ ದಿನ ನಡೆಯಬೇಕು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬೇಸಿಗೆ ರಜೆ ಮುಗಿಯುವ ಮೊದಲೇ ಒಮ್ಮೆ ಸೇರಿ, ತುಕ್ಕು ಹಿಡಿದು ತೆರೆಯದ ಕಿಟಕಿಗಳು ಎಷ್ಟಿವೆ ಎಂದು ಎಣಿಸಿ, ಮುಂಗಾರಿಗೆ ಮುಂಚೆ ಅವುಗಳನ್ನು ದುರಸ್ತಿ ಮಾಡಿಸಲಿ. ಕಾಯಿಲೆಯೊಂದಿಗೆ ಕೆಲಸಕ್ಕೆ ಮರಳುವ ಅಕ್ಕೋರನ್ನೂ ಮಾಸ್ತರನ್ನೂ ಮಕ್ಕಳ ತಂದೆತಾಯಿಯರನ್ನೂ ಅದೇ ಸಭೆಗೆ ಕರೆದು, ಅವರಿಗೆ ಏನು ಬೇಕೆಂದು ಕೇಳಿ ಬರೆದಿಟ್ಟುಕೊಳ್ಳಲಿ.